ಅಪ್ಪ ಊಟಕ್ಕೆ ಕೂತ ಮನೆ

ಲಾರಿಯಿಂದ ಸಾಮಾನು ಇಳಿಸಿದ ಹೊತ್ತಿಗೆ ಆ ಮನೆಯ ಮುಂದೆ ಇದ್ದವರು ನಾನು, ಅಪ್ಪ, ಕುರುಗೋಡಿನಿಂದ ಬಂದಿದ್ದ ಅಕ್ಕ, ಆಮೇಲೆ ಬೀಡಿ ಸೇದುತ್ತ ನಿಂತಿದ್ದ ಲಾರಿ ಡ್ರೈವರ್, ಇಷ್ಟೇ ಜನ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವ್ವ ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ, ನನಗೆ ಸಿರುಗುಪ್ಪದ ಶಾಲೆಗೆ ವರ್ಗವಾಯಿತು. ನನಗಿನ್ನೂ ಮದುವೆಯಾಗಿರಲಿಲ್ಲ. ಅಪ್ಪನನ್ನು ಒಬ್ಬರನ್ನೇ ಬಿಟ್ಟು ಬರುವ ಹಾಗಿರಲಿಲ್ಲ.

ಊರೊಳಗೆ ಮನೆ ಸಿಗಲಿಲ್ಲ. ಅಕ್ಕಿ ಗಿರಣಿಗಳ ಸಾಲು ಮುಗಿದು ಗದ್ದೆ ಶುರುವಾಗುವ ಕಡೆ ಒಂದು ಹೊಸ ಮನೆ ಸಿಕ್ಕಿತು. ಅದು ಊರೂ ಅಲ್ಲ, ಹಳ್ಳಿಯೂ ಅಲ್ಲ. ಹಗಲೆಲ್ಲ ಗಿರಣಿಯ ತೌಡಿನ ಧೂಳು ಬಂದು ಕಿಟಕಿಯ ಮೇಲೆ ಕೂರುತ್ತಿತ್ತು. ಕಾಲುವೆಗೆ ನೀರು ಬಿಟ್ಟರೆಂದರೆ ಸಂಜೆ ಸೊಳ್ಳೆಗಳದೇ ರಾಜ್ಯ.

ಡ್ರೈವರ್ ಕೊನೆಯ ಕೊಪ್ಪರಿಗೆ ಇಳಿಸುತ್ತ ನಕ್ಕ. "ಮಾಸ್ತರ, ಒಂದು ಮದಿವಿಗೆ ಆಗೋವಷ್ಟು ಪಾತ್ರಿ ತಂದೀರಿ. ಅಡಿಗಿ ಮಾಡೋರ್ ಯಾರ್ರಿ, ಕಾಣವಲ್ರು?"

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅವನಿಗೆ ಗೊತ್ತಾಗಿ, ನಾಲಿಗೆ ಕಚ್ಚಿಕೊಂಡು ಲಾರಿಯ ಹಿಂದಕ್ಕೆ ಹೋದ.

"ಯಪ್ಪಾ, ನೀ ನನ್ ಸಂಗಾಟ ಕುರುಗೋಡಿಗೆ ನಡಿ" ಎಂದಳು ಅಕ್ಕ. "ಇವ ಹರೇದವ, ಹೋಟ್ಲಿನಾಗ ತಿಂದು ಹೆಂಗರ ಬದುಕ್ತಾನ. ನಿನಗ ಹೋಟ್ಲು ಆಗಂಗಿಲ್ಲ."

"ಹೆಣ್ಣು ಕೊಟ್ಟ ಮನ್ಯಾಗ ಕುಂತು ಉಣ್ಣಾಕ ನನಗ ಬರಂಗಿಲ್ಲವ್ವಾ" ಎಂದರು ಅಪ್ಪ. ಅಕ್ಕ ಎಷ್ಟು ಹೇಳಿದರೂ ಮಾತು ಅಲ್ಲಿಗೇ ನಿಂತಿತು. ಸಂಜೆಯ ಬಸ್ಸಿಗೆ ಆಕೆ ಅಳುತ್ತಲೇ ಹೋದಳು.

ಅಪ್ಪನ ಊಟದ ರೀತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ಜಂಗಮರು. ಅಪ್ಪ ಹಳೆಯ ಕಾಲದ ನೇಮದವರು. ಸ್ನಾನ, ಲಿಂಗಪೂಜೆ ಮುಗಿಸಿ ದಿನಕ್ಕೆ ಒಂದೇ ಊಟ. ಕೊರಳಲ್ಲಿ ಲಿಂಗ ಇಲ್ಲದವರ ಒಲೆಯ ಮೇಲೆ ಬೆಂದದ್ದನ್ನು ಮುಟ್ಟುತ್ತಿರಲಿಲ್ಲ. ತಾಟಿಗೆ ಬಿದ್ದದ್ದು ಪ್ರಸಾದ, ಅದರಲ್ಲಿ ಒಂದು ಅಗುಳೂ ಉಳಿಯಬಾರದು. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿಯುತ್ತಿದ್ದರು. ಸಣ್ಣವನಿದ್ದಾಗ ಎಲ್ಲರ ಅಪ್ಪಂದಿರೂ ಹೀಗೇ ಮಾಡುತ್ತಾರೆ ಎಂದುಕೊಂಡಿದ್ದೆ.

ನಾನು ಒಲೆ ಹಚ್ಚಿದೆ. ಅನ್ನ ತಳ ಹಿಡಿಯುತ್ತಿತ್ತು. ರೊಟ್ಟಿ ತಟ್ಟುವಾಗ ಹರಿಯುತ್ತಿತ್ತು, ಹರಿದದ್ದನ್ನು ಹಂಚಿನ ಮೇಲೆ ಕೂಡಿಸಿದರೆ ಒಂದು ಕಡೆ ಹಸಿ, ಒಂದು ಕಡೆ ಕರಕಲು. ಅಪ್ಪ ಬೈಯಲಿಲ್ಲ. ಅದನ್ನೂ ಉಂಡು, ತಾಟು ತೊಳೆದು ಕುಡಿದು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ದಿನ ಕಳೆದಂತೆ ಅರ್ಧ ರೊಟ್ಟಿ ಸಾಕೆಂದು ಮೊದಲೇ ಕೈ ತೋರಿಸಿದರು. ಆಮೇಲೆ ಬರೀ ಹಾಲು, ಬಾಳೆಹಣ್ಣು. ಗದ್ದೆಯ ಬದುವಿನ ಮೇಲೆ ಅವರು ನಡೆದು ಬರುವುದನ್ನು ದೂರದಿಂದ ನೋಡಿದರೆ ಅಂಗಿಯೊಂದೇ ಬರುತ್ತಿರುವಂತೆ ಕಾಣುತ್ತಿತ್ತು. ಅವ್ವನ ಹಿಂದೆಯೇ ಇವರೂ ಹೊರಟರು ಎಂದು ನನಗೆ ಭಯ ಹತ್ತಿತು.

ನನ್ನ ಮಟ್ಟಿಗೆ ಹೇಳುವುದಾದರೆ ಸಿರುಗುಪ್ಪ ಉಣ್ಣುವವರ ಊರು. ಬಸ್ ನಿಲ್ದಾಣದ ಪಕ್ಕದ ತಗಡಿನ ಅಂಗಡಿಯಲ್ಲಿ ಬೆಳಿಗ್ಗೆ ಒಗ್ಗರಣಿ ಮಿರ್ಚಿ. ನೀರಲ್ಲಿ ನೆನೆಸಿ ಹಿಂಡಿದ ಮಂಡಕ್ಕಿಗೆ ಹುಣಸೆ, ಉಳ್ಳಾಗಡ್ಡಿ, ಹುರಿಗಡಲೆಯ ಪುಠಾಣಿ ಪುಡಿ ಬಿದ್ದು ಹಳದಿಯಾಗಿ ಬರುತ್ತಿತ್ತು, ಮೇಲೆ ಎಣ್ಣೆ ಇಳಿಯುತ್ತಿರುವ ಮೆಣಸಿನಕಾಯಿ. ಗಿರಣಿಯ ಗೇಟಿನ ಬಳಿ ಬೇವಿನ ಮರದ ಕೆಳಗೆ ತೆಲುಗು ಮಾತಾಡುವ ಮುದುಕಿಯೊಬ್ಬಳು ಇಡ್ಲಿ ಇಳಿಸುತ್ತಿದ್ದಳು, ಆಕೆಯ ಶೇಂಗಾ ಚಟ್ನಿಗೆ ಹಮಾಲರು ಜಗಳಾಡುತ್ತಿದ್ದರು. ತಾಲ್ಲೂಕು ಕಚೇರಿಯ ಹತ್ತಿರದ ಬ್ರಾಹ್ಮಣರ ಹೋಟೆಲ್ಲಿನ ಸಾರಿಗೆ ಕಚೇರಿಯ ಜನ ಕಾದು ನಿಲ್ಲುತ್ತಿದ್ದರು. ಎಲ್ಲ ಕಡೆಯಿಂದಲೂ ನಾನು ಎಲೆಯಲ್ಲಿ ಕಟ್ಟಿಸಿಕೊಂಡು ಬಂದೆ. ಕಟ್ಟು ಬಿಚ್ಚದೆ ಹಾಗೇ ಇರುತ್ತಿತ್ತು.

"ಈ ಅಂಗಡ್ಯಾವ್ರು ನಮ್ಮೋರ ಅದಾರಪ್ಪಾ, ಲಿಂಗ ಕಟ್ಕಂಡಾರ" ಎಂದೆ ಒಮ್ಮೆ.

ಅಪ್ಪ ನನ್ನ ಮುಖ ನೋಡಿದರು. "ಸುಳ್ಳು ಹೇಳಿ ಉಣಸಬ್ಯಾಡಲೇ. ನೀ ತಿನ್ನು."

ದಾರಿ ತೋರಿಸಿದವನು ಒಬ್ಬ ಗಿರಣಿ ಹಮಾಲ. ಇಡ್ಲಿ ತಿನ್ನುತ್ತ ನನ್ನ ಕಷ್ಟ ಕೇಳಿ, "ದೊಡ್ಡ ಗಿರಣಿ ಹಿಂದ ಒಬ್ಬಾಕಿ ಮನ್ಯಾಗ ಊಟ ಹಾಕ್ತಾಳ್ರೀ ಮಾಸ್ತರ. ಬೋರ್ಡಿಲ್ಲ ಏನಿಲ್ಲ. ಆಕಿ ಕೊರಳಾಗ ಲಿಂಗ ಐತಿ, ನಾ ನೋಡೀನಿ" ಎಂದ. ಆಕೆ ಆದವಾನಿ ಕಡೆಯವಳು. ಗಂಡ ಅದೇ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮನೆಯ ಪಡಸಾಲೆಯಲ್ಲೇ ಖಾನಾವಳಿ.

ಭಾನುವಾರ ಅಪ್ಪನನ್ನು ಕರೆದುಕೊಂಡು ಹೋದೆ. ಹಣೆಯ ವಿಭೂತಿ, ಎದೆಯ ಮೇಲಿನ ಲಿಂಗದ ಕರಡಿಗೆ ನೋಡಿದ್ದೇ ಆಕೆ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಬರ್ರಿ ಅಯ್ಯಾರ. ನಮ್ಮಂಥೋರ ಮನಿಗೆ ಬಂದ್ರ್ಯಾ" ಎಂದು ಕಾಲಿಗೆ ನೀರು ಕೊಟ್ಟಳು.

ಅಪ್ಪ ಹೊಸ್ತಿಲಲ್ಲೇ ನಿಂತು ಕೇಳಿದರು. "ಪೂಜಿ ಮಾಡಿ ಒಲಿ ಹಚ್ಚತೀಯೇನವಾ?"

"ಅದಾಗದ ನೀರೂ ಮುಟ್ಟಂಗಿಲ್ರಿ."

ಅಪ್ಪ ಒಳಗೆ ಬಂದು ಕೂತರು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಕೆಂಪು ಖಾರ, ಆಮೇಲೆ ಹೊಸ ಅಕ್ಕಿಯ ಅನ್ನ, ಬೇಳೆ ಸಾರು. ಅಪ್ಪ ತಲೆ ಎತ್ತದೆ ಉಂಡರು. ತಾಟಿಗೆ ನೀರು ಹಾಕಿ ತೊಳೆದು ಕುಡಿದಾಗ ಆಕೆ ಒಲೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರು.

"ತಾಟು ತೊಳದು ಕುಡ್ಯೋರ್ನ ನಮ್ಮತ್ತಿ ಸತ್ತ ಮ್ಯಾಲ ಇವತ್ತ ನೋಡಿದ್ನಿ" ಎಂದಳು.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಮಾತಾಡಿದರು. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಹಾಕಿದ್ದಾಳೆ, ಅದು ಸರಿಯಾದ ಕ್ರಮ ಎಂದರು. ಅವ್ವ ಹೋದ ಮೇಲೆ ಅವರು ಊಟದ ಮಾತೆತ್ತಿದ್ದು ಅದೇ ಮೊದಲು. ನನಗೆ ಆ ಸಂಜೆ ಹಬ್ಬ.

ಆಮೇಲೆ ದಿನಾ ಮಧ್ಯಾಹ್ನ ಅಪ್ಪ ಒಬ್ಬರೇ ಗಿರಣಿಯ ಹಿಂದೆ ನಡೆದು ಹೋಗುತ್ತಿದ್ದರು. ನಾನು ಶಾಲೆಯಲ್ಲಿ ಇರುತ್ತಿದ್ದೆ. ಭಾನುವಾರ ಜೊತೆಗೆ ಹೋದರೆ ಅಲ್ಲಿ ನಡೆಯುತ್ತಿದ್ದುದೇ ಒಂದು ನೋಟ. ಹಮಾಲರು, ಗುಮಾಸ್ತರು ಸಾಲಾಗಿ ಕೂತಿರುತ್ತಿದ್ದರು. ಅವರಿಗೆಲ್ಲ ಆಕೆ "ಇನ್ನೊಂದು ರೊಟ್ಟಿ ಬೇಕೇನಲೇ?" ಎಂದು ಕೇಳಿ ಹಾಕುತ್ತಿದ್ದಳು. ಅಪ್ಪನಿಗೆ ಕೇಳುತ್ತಿರಲಿಲ್ಲ. ಜಂಗಮ ಉಣ್ಣಲು ಕೂತಾಗ ಸಾಕೋ ಬೇಕೋ ಎಂದು ಕೇಳುವುದು ಆಕೆಯ ಅತ್ತೆಯ ಮನೆಯಲ್ಲಿ ಮರ್ಯಾದೆಗೇಡಿನ ಮಾತು, ತಾಟು ಬರಿದಾಗುವುದನ್ನು ಕಾಯುವುದು ಅದಕ್ಕಿಂತ ಕೆಟ್ಟದ್ದು. ಅಪ್ಪನ ತಾಟಿನ ತಳ ಕಾಣುವ ಮೊದಲೇ ಆಕೆಯ ಸೌಟು ಬರುತ್ತಿತ್ತು. ಬಂದದ್ದನ್ನು ಅಪ್ಪ ಮುಗಿಸುತ್ತಿದ್ದರು.

ಒಬ್ಬ ಹಮಾಲ ಕೂಗುತ್ತಿದ್ದ. "ಯಕ್ಕಾ, ಅಯ್ಯಾರಿಗೆ ಲಾರಿ ಇಳಿಸಿದಂಗ ಇಳಸ್ತಿ, ನಮಗ ಚಮಚದಾಗ ಅಳೀತಿ! ನಾಳಿಂದ ನಾನೂ ವಿಭೂತಿ ಹಚ್ಕಂಬರ್ತೀನಿ ನೋಡು."

"ಹಚ್ಕಂಬಾ, ಆದ್ರ ತಾಟೂ ತೊಳದು ಕುಡೀಬೇಕಾಗತೈತಿ" ಎನ್ನುತ್ತಿದ್ದಳು ಆಕೆ.

"ನಿನ್ನ ಖಾರ ಹತ್ತಿದ ತಾಟು ತೊಳದು ಕುಡದ್ರ ನಾ ಸೀದಾ ಹೊಳಿಗೇ ಓಡಬೇಕು."

ಪಡಸಾಲೆಯೆಲ್ಲ ನಗುತ್ತಿತ್ತು. ಅಪ್ಪನ ತುಟಿಯಲ್ಲೂ ನಗೆ.

ಅಕ್ಕ ಕುರುಗೋಡಿನಿಂದ ಬಂದು ನೋಡಿ, "ಅಪ್ಪನ ಮುಖದಾಗ ಕಳಿ ಬಂದೈತಿ" ಎಂದು ಆ ಹೆಣ್ಣುಮಗಳಿಗೆ ಒಂದು ಕುಪ್ಪಸದ ಖಣ ಕೊಟ್ಟು ಹೋದಳು. ಊಟದ ಮೇಲೆ ಅಪ್ಪ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಯಾಕೆಂದು ಕೇಳಿದರೆ, "ನಡದ್ರ ಇಳೀತೈತಿ" ಎನ್ನುತ್ತಿದ್ದರು. ವಯಸ್ಸಾದವರು, ತುಂಬ ದಿನ ಉಪವಾಸ ಇದ್ದವರು, ಹೊಟ್ಟೆ ಹೊಂದಿಕೊಳ್ಳಲು ದಿನ ಬೇಕು ಎಂದು ಎಲ್ಲರೂ ಹೇಳಿದರು.

ಶ್ರಾವಣ ಸೋಮವಾರ. ಆಕೆ ಹೋಳಿಗೆ ಮಾಡಿದ್ದಳು. ಮಧ್ಯಾಹ್ನದ ಪಾಠ ನಡೆಯುತ್ತಿದ್ದಾಗ ಪಡಸಾಲೆಯಲ್ಲಿ ತಮಾಷೆ ಮಾಡುತ್ತಿದ್ದ ಆ ಹಮಾಲ ಶಾಲೆಯ ಬಾಗಿಲಿಗೆ ಓಡಿ ಬಂದ. "ಮಾಸ್ತರ, ಲಗೂನ ಬರ್ರಿ. ಅಯ್ಯಾರು ರಕ್ತ ಕಾರಿಕಂಡ್ರು."

ಅಪ್ಪನನ್ನು ಆಕೆಯ ಪಡಸಾಲೆಯಲ್ಲೇ ಮಲಗಿಸಿದ್ದರು. ಆಕೆ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಶಿವಶಿವಾ ಎನ್ನುತ್ತಿದ್ದಳು. ಅಕ್ಕಿ ತುಂಬಿದ್ದ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಹೋದೆವು.

ಡಾಕ್ಟರು ಹೊರಗೆ ಬಂದು ನನ್ನನ್ನು ಕೇಳಿದರು. "ಹೊಟ್ಟೆಯಲ್ಲಿ ಹಳೇ ಹುಣ್ಣಿದೆ, ಬಹಳ ವರ್ಷದ್ದು. ಈಗ ಒಡೆದಿದೆ. ಇಷ್ಟು ದಿನ ಏನು ಪಥ್ಯ ಮಾಡ್ತಿದ್ರು?"

"ಪಥ್ಯ ಏನೂ ಇರಲಿಲ್ಲ" ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಸುದ್ದಿ ಕೇಳಿ ಕುರುಗೋಡಿನಿಂದ ಓಡಿ ಬಂದು ಪಕ್ಕದಲ್ಲಿ ನಿಂತಿದ್ದ ಅಕ್ಕ ಗೋಡೆ ಹಿಡಿದುಕೊಂಡು ಕೆಳಗೆ ಕೂತಳು. "ಇತ್ತು" ಎಂದಳು. "ಅವ್ವ ಅಪ್ಪಗ ಬ್ಯಾರೆ ಗಡಿಗ್ಯಾಗ ಮಾಡ್ತಿದ್ಲು. ನುಚ್ಚು, ಮಜ್ಜಿಗಿ, ಸಪ್ಪನ ಬ್ಯಾಳಿ. ಖಾರದ ಡಬ್ಬಿಗೆ ನಾ ಕೈ ಹಾಕಿದ್ರ ಕೈ ಮ್ಯಾಲ ಹೊಡೀತಿದ್ಲು. ಯಾಕ ಅಂತ ಹೇಳ್ಲಿಲ್ಲ. ಪೂಜಿ ಮಾಡೋರ ಊಟ ಹಂಗ ಇರತೈತಿ ಅನ್ಕಂಡಿದ್ನಿ."

ನಾನೂ ಹಾಗೇ ಅಂದುಕೊಂಡಿದ್ದೆ. ನಾವು ಬದನೆಕಾಯಿ ಎಣ್ಣೆಗಾಯಿ, ಮಿರ್ಚಿ ತಿನ್ನುವಾಗ ಅಪ್ಪನ ತಾಟಿನಲ್ಲಿ ನುಚ್ಚು, ಮಜ್ಜಿಗೆ ಇರುತ್ತಿತ್ತು. ಅವ್ವ ಹೋದ ಮೇಲೆ ಅಪ್ಪ ಅದನ್ನು ಕೇಳಲಿಲ್ಲ, ಮಾಡಬೇಕೆಂದು ನನಗೂ ಹೊಳೆಯಲಿಲ್ಲ. ಅಪ್ಪನ ವೈರಾಗ್ಯ ದೊಡ್ಡದು ಎಂದು ನೆಂಟರು ಹೊಗಳುತ್ತಿದ್ದರು. ಅಪ್ಪನೂ ಅದನ್ನು ನಂಬಿದ್ದರು ಎಂದು ಕಾಣುತ್ತದೆ. ಅವ್ವ ಎಂದೋ ಗಂಡನ ಸಂಕಟ ನೋಡಿ, ಯಾವ ಡಾಕ್ಟರನ್ನೂ ಕೇಳದೆ, ಗಂಡನಿಗೂ ಹೇಳದೆ, ಅಳತೆ ಹಿಡಿದುಬಿಟ್ಟಿದ್ದಳು. ಒಮ್ಮೆ ಬಡಿಸಿದರೆ ಮುಗಿಯಿತು, ಎರಡನೇ ಸಲ ಬರುತ್ತಿರಲಿಲ್ಲ.

ಎರಡನೇ ದಿನ ಖಾನಾವಳಿಯಾಕೆ ಬಸ್ಸಿನಲ್ಲಿ ಬಂದಳು. ಡಬ್ಬಿಯಲ್ಲಿ ಗಂಜಿ ತಂದಿದ್ದಳು. ನರ್ಸು ಅದನ್ನು ಹೊರಗೇ ಇಡಲು ಹೇಳಿದಳು. ಅಕ್ಕ ಆಕೆಯನ್ನು ನೋಡಿದ್ದೇ ಎದ್ದು ನಿಂತಳು.

"ಯಾಕವಾ, ಸಾಕೇನ್ರಿ ಅಂತ ಒಂದ್ ಮಾತು ಕೇಳಾಕ ನಿನಗೇನಾಗಿತ್ತು? ಅಷ್ಟು ಖಾರ, ಅಷ್ಟಷ್ಟು ಅನ್ನ! ಮುದುಕರ ಹೊಟ್ಟಿ ಅಂತ ಕಾಣ್ಲಿಲ್ಲೇನು?"

ಆಕೆ ಡಬ್ಬಿಯನ್ನು ಎದೆಗೆ ಹಿಡಿದುಕೊಂಡಳು. "ಅಯ್ಯಾರಿಗೆ ಸಾಕಾ ಅಂತ ಹೆಂಗ ಕೇಳ್ಲಿ ತಾಯಿ? ಅವ್ರು ಕೈ ಅಡ್ಡ ಹಿಡೀಲಿಲ್ಲ. ಹಿಡದಿದ್ರ ನಾ ಹಾಕ್ತಿದ್ದಿಲ್ಲ."

"ಹಿಡೀಲಿಲ್ಲಂತ, ಹಿಡೀಲಿಲ್ಲ!"

ಮಂಚದ ಮೇಲಿಂದ ಅಪ್ಪನ ದನಿ ಬಂತು, ಬಹಳ ಸಣ್ಣ ದನಿ. "ಆಕಿನ್ನ ಬೈಬ್ಯಾಡವ್ವಾ. ನೀಡಿದ್ದನ್ನ ತಳ್ಳಾಕ ನನಗ ಬರಂಗಿಲ್ಲ. ನಿಮ್ಮವ್ವ ನೀಡಿದಾಗ ತಳ್ಳೋ ಪ್ರಸಂಗ ಬಂದಿದ್ದಿಲ್ಲ." ಆಮೇಲೆ ಆಕೆಯ ಕಡೆ ತಿರುಗಿ, "ಊಟ ಚಲೋ ಇತ್ತು" ಎಂದರು.

ಆಕೆ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಗಂಜಿಯ ಡಬ್ಬಿ ಬೆಂಚಿನ ಮೇಲೆಯೇ ಉಳಿಯಿತು.

ಆ ವಾರ ಮುಗಿಯುವುದರೊಳಗೆ ಅಪ್ಪ ತೀರಿಕೊಂಡರು. ಬಳ್ಳಾರಿಯಲ್ಲೇ ಅವ್ವನ ಪಕ್ಕದಲ್ಲಿ ಸಮಾಧಿ ಮಾಡಿದೆವು.

ಸಿರುಗುಪ್ಪಕ್ಕೆ ಹಿಂತಿರುಗಿದ ಮೇಲೆ ನಾನು ಗಿರಣಿಯ ಹಿಂದಿನ ಮನೆಗೆ ಊಟಕ್ಕೆ ಹೋಗತೊಡಗಿದೆ. ಬಿಟ್ಟುಬಿಟ್ಟರೆ ಆಕೆ ಏನೆಂದುಕೊಳ್ಳುತ್ತಾಳೋ ಎನ್ನಿಸಿತ್ತು. ಆಕೆ ಈಗ ಪ್ರತಿಯೊಬ್ಬರ ಮುಂದೆಯೂ ಸೌಟು ಹಿಡಿದು ನಿಲ್ಲುತ್ತಿದ್ದಳು. ಹಾಕುವ ಮೊದಲು ಕೇಳುತ್ತಿದ್ದಳು, ಹಾಕಿದ ಮೇಲೂ ಕೇಳುತ್ತಿದ್ದಳು. "ಸಾಕೇನಪ್ಪಾ? ಹೊಟ್ಟ್ಯಾಗ ಏನರ ಉರಿ ಐತೇನು? ಖಾರ ಕಮ್ಮಿ ಹಾಕಲೇನು?"

"ಯಕ್ಕಾ, ಅಕ್ಕಿ ಖಾಲಿ ಆತೇನು?" ಎಂದ ಆ ತಮಾಷೆಯ ಹಮಾಲ. "ಮೂಟಿ ಹೊರೋರ್ನ ಸಾಕಾ ಸಾಕಾ ಅಂತ ಕೇಳಿದ್ರ ನಾಚಿಕಿ ಬಿಟ್ಟು ಬೇಕು ಅನ್ನಬೇಕಾ?"

ಆಕೆ ಮುಂದಿನವನ ತಾಟಿನ ಹತ್ತಿರ ಹೋಗಿ ಮತ್ತೆ ಅದನ್ನೇ ಕೇಳಿದಳು. ಉಣ್ಣುವವನ ಮುಂದೆ ಸಾಕಾ ಎಂದರೆ ನಮ್ಮ ಕಡೆಯವನು ಹಸಿವಿದ್ದರೂ ಕೈ ತೊಳೆಯುತ್ತಾನೆ. ಒಬ್ಬೊಬ್ಬರೇ ಬೇರೆ ಕಡೆ ಹೋದರು. ಗೇಟಿನ ಬಳಿ ಹೊಸದಾಗಿ ಒಬ್ಬ ಅನ್ನ ಸಾರಿನ ಅಂಗಡಿ ಹಾಕಿದ್ದ, ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಕೊನೆಗೆ ಪಡಸಾಲೆಯಲ್ಲಿ ನಾನು, ಇನ್ನೊಬ್ಬ ಗುಮಾಸ್ತ ಇಬ್ಬರೇ ಉಳಿದೆವು. ಬೇಸಿಗೆ ರಜೆಗೆ ನಾನು ಬಳ್ಳಾರಿಯ ನೆಂಟರ ಮನೆಗೆ ಹೋದೆ.

ಮರುವರ್ಷ ಶ್ರಾವಣದಲ್ಲಿ ಅಕ್ಕ ಕುರುಗೋಡಿನಿಂದ ಬಂದಳು. ಆಸ್ಪತ್ರೆಯಲ್ಲಿ ಆಡಿದ ಮಾತು ಮನಸ್ಸಿನಲ್ಲಿ ಕುಟುಕುತ್ತಿದೆ, ಒಮ್ಮೆ ಆಕೆಯನ್ನು ಕಂಡು ಬರೋಣ ನಡಿ ಎಂದಳು. ರಜೆ ಮುಗಿಸಿ ಬಂದಾಗಲೇ ಅಲ್ಲಿ ಬೀಗ ನೋಡಿದ್ದೇನೆ ಎಂದು ಹೇಳಿದರೂ ಕೇಳಲಿಲ್ಲ. ಇಬ್ಬರೂ ನಡೆದು ಹೋದೆವು. ಪಕ್ಕದ ಮನೆಯವರು, ಆಕೆ ಆದವಾನಿಗೆ ಅಣ್ಣನ ಮನೆಗೆ ಹೋದಳು, ಅಲ್ಲಿ ಒಲೆಯ ಹತ್ತಿರ ಹೋಗುವುದಿಲ್ಲವಂತೆ, ಹೊಲದ ಕೆಲಸ ಮಾಡುತ್ತಾಳಂತೆ ಎಂದರು. ಅಕ್ಕ ಆ ಮನೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ನಾನು ಅಕ್ಕನನ್ನು ಕುರುಗೋಡಿನ ಬಸ್ಸಿಗೆ ಹತ್ತಿಸಿ ಬಂದೆ.