ಶಹಾಬುದ್ದೀನ್ ಸಾಬರ ಒಂದೇ ಒಂದು ಪ್ರಶ್ನೆ

ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಮುಂದೆ ಆಟೋ ಓಡಿಸುತ್ತಿದ್ದ ಶಹಾಬುದ್ದೀನ್ ಸಾಬರಿಗಿದ್ದ ದೊಡ್ಡ ಆಸ್ತಿಯೆಂದರೆ ಇಪ್ಪತ್ತು ವರ್ಷದಲ್ಲಿ ಒಂದೂ ಕೇಸಿಲ್ಲದ ಹೆಸರು. ಯಾರು ಸಿಕ್ಕಿದರೂ ಅದನ್ನೇ ಹೇಳುವರು. ಕೇಳುವವರಿಗೆ ಬೇಜಾರಾಗುತ್ತಿತ್ತು, ಅವರಿಗೆ ಆಗುತ್ತಿರಲಿಲ್ಲ.

ತೊಂಬತ್ತನಾಲ್ಕರ ಆಯುಧಪೂಜೆಯ ದಿನ ಆ ಹೆಸರಿಗೆ ಮಸಿ ಬಿತ್ತು. ಸ್ಟ್ಯಾಂಡಿನ ಗೆಳೆಯರು ಪ್ರತಿ ವರ್ಷದಂತೆ ಸಾಬರ ಆಟೋಗೂ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಇಳಿಬಿಟ್ಟಿದ್ದರು. ಹೆದ್ದಾರಿಗೆ ಬರುತ್ತಲೇ ಕಾನ್‌ಸ್ಟೇಬಲ್ ದೇವಯ್ಯ ಕೈ ಅಡ್ಡ ಹಿಡಿದ. ಹಾರದಿಂದ ನಂಬರ್ ಪ್ಲೇಟು ಮುಚ್ಚಿಹೋಗಿದೆಯಂತೆ. ಐವತ್ತು ರೂಪಾಯಿ ದಂಡ ಬರೆದುಕೊಟ್ಟ. ಸಾಬರು ಚೀಟಿ ನೋಡಿದರು. ಅದರಲ್ಲಿ ಆಟೋ ನಂಬರು ಒಂದಂಕಿಯೂ ತಪ್ಪದೆ ಕೂತಿತ್ತು.

"ನಂಬರು ಕಾಣ್ದೇ ಇದ್ರೆ ಇದನ್ನ ಎಂಗ್ ಬರುದ್ರಿ? ನಾನ್ ಕಟ್ಟಾಕಿಲ್ಲ. ಜಡ್ಜ್ ಸಾಹೇಬ್ರ ಮುಂದೇನೆ ಕೇಳ್ತೀನಿ" ಅಂದರು.

ಅವತ್ತಿನಿಂದ ಆ ಪ್ರಶ್ನೆಯೇ ಅವರ ಜೀವವಾಯಿತು. ಸ್ಟೇಷನ್ನಿನಿಂದ ಗುಂಬಜ್ ತಲುಪುವಷ್ಟರಲ್ಲಿ ಪ್ರಯಾಣಿಕರಿಗೆ ಇಡೀ ಕೇಸು ಬಾಯಿಪಾಠ. ಮನೆಯಲ್ಲಿ ಹೆಂಡತಿ ಬಿಸ್ಮಿಲ್ಲಾ ಬೀಯೇ ಜಡ್ಜು. ಅಕ್ಕಿ ಆರಿಸುತ್ತ ಕೂತವಳ ಮುಂದೆ ಕೈಕಟ್ಟಿ ನಿಂತು ಪ್ರಶ್ನೆ ಒಪ್ಪಿಸುವರು. "ಯಾ ಅಲ್ಲಾ, ಆ ಐವತ್ತು ಬಿಸಾಕಿ ಬರ್ರೀ ಅತ್ಲಾಗೆ" ಎಂದು ಅವಳು ತೀರ್ಪು ಕೊಡುವಳು.

ತಿಂಗಳಿಗೊಮ್ಮೆ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಕೋರ್ಟಿಗೆ ಹೋಗುವರು. "ಪೊಲೀಸರ ಕಾಗದ ಇನ್ನೂ ಬಂದಿಲ್ಲ" ಎಂಬ ಉತ್ತರ ಕೇಳಿ ವಾಪಸು ಬರುವರು. ಏಳನೇ ತಿಂಗಳಲ್ಲಿ ಕಾಗದ ಬಂತು. ಆ ರಾತ್ರಿ ಸಾಬರಿಗೆ ನಿದ್ದೆ ಹತ್ತಲಿಲ್ಲ.

ಕೋರ್ಟಿನಲ್ಲಿ ಜಡ್ಜು ಕಾಗದದ ಮೇಲಿನ ತಾರೀಖು ನೋಡಿ ಕನ್ನಡಕ ತೆಗೆದರು. "ಆರು ತಿಂಗಳ ಒಳಗೆ ಬರಬೇಕಿತ್ತು. ಅವಧಿ ಮೀರಿದೆ, ಕೇಸು ನಿಲ್ಲೋದಿಲ್ಲ. ನೀವು ಹೋಗಬಹುದು."

"ಸ್ವಾಮಿ, ಒಂದೇ ಒಂದ್ ಮಾತು..."

ಅಷ್ಟರಲ್ಲಿ ಮುಂದಿನ ಕೇಸಿನವರ ಹೆಸರು ಕೂಗಿಯಾಗಿತ್ತು. ಸಾಬರ ಪರ ನಿಂತಿದ್ದ ವಕೀಲ ಶಿವಶಂಕರ್ ರಟ್ಟೆ ಹಿಡಿದು ಅವರನ್ನು ಹೊರಗೆ ತಂದರು. "ಗೆದ್ರಲ್ಲ ಸಾಬ್ರೇ! ಯಾಕಿಂಗೆ ಮುಖ ಸಣ್ಣ ಮಾಡ್ಕೊಂಡಿದ್ದೀರಿ?"

"ಗೆದ್ದಿದ್ದು ಕ್ಯಾಲೆಂಡರು ಕಣ್ ಸ್ವಾಮಿ, ನಾನಲ್ಲ." ಏಳು ತಿಂಗಳು ಸಾಕಿದ ಪ್ರಶ್ನೆಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲವಲ್ಲ ಎಂದು ಸಾಬರಿಗೆ ನಿಜಕ್ಕೂ ದುಃಖವಾಗಿತ್ತು.

ಗೇಟಿನ ಬಳಿ ದೇವಯ್ಯ ನಿಂತಿದ್ದ. ನಾಚಿಕೆಯಿಲ್ಲದೆ "ಸರ್ಕಲ್ ತಂಕ ಬುಡ್ತೀರಾ ಸಾಬ್ರೇ?" ಅಂದ. ಹತ್ತಿಸಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ತಡೆಯಲಾಗದೆ ಆ ಪ್ರಶ್ನೆಯನ್ನು ಅವನನ್ನೇ ಕೇಳಿದರು.

ದೇವಯ್ಯ ಕಿಸಕ್ಕನೆ ನಕ್ಕ. "ಕಾಣ್ತಿತ್ತು ಕಣ್ ಸಾಬ್ರೇ. ಅವತ್ತು ಐದು ಕೇಸು ಬರೀಲೇಬೇಕಿತ್ತು. ನಾಕೇ ಆಗಿದ್ದೊ."

ಸಾಬರು ನಡುರಸ್ತೆಯಲ್ಲೇ ಗಕ್ಕನೆ ಆಟೋ ತಿರುಗಿಸಿ ಬಂದ ದಾರಿಗೇ ಬಿಟ್ಟರು.

"ಅಯ್ಯಯ್ಯೋ, ಎಲ್ಲಿಗ್ ಸಾಬ್ರೇ? ಕೇಸು ಮುಗೀತಲ್ಲ!"

"ನಿಮ್ದು ಮುಗೀತು. ಈ ಮಾತ್ನ ಜಡ್ಜ್ ಸಾಹೇಬ್ರ ಮುಂದೆ ಏಳ್ಬುಟ್ಟು ಓಗಿ" ಎಂದು ಸಾಬರು ಗೇರು ಬದಲಿಸಿದರು.