ಬಾಗಿಲು ಹಾಕಿದರೆ ಕಚ್ಚುತ್ತಿದ್ದ ಅಕ್ಕ

ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಬಿಳಿಚೋಡಿನ ನಮ್ಮ ಮನೆ ಕಣ್ಮುಂದೆ ಬರುತ್ತದೆ. ಕುರಿಹಿಕ್ಕೆ, ಹಾಲು, ಒದ್ದೆ ಉಣ್ಣೆ ಎಲ್ಲ ಸೇರಿದ ಆ ಘಾಟಿಗೆ ಕೆಲವರಿಗೆ ಹೊಟ್ಟೆ ತೊಳೆಸುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ. ಎಪ್ಪತ್ತರ ದಶಕದ ಆರಂಭದಲ್ಲಿ, ನಾನು ಹುಟ್ಟುವ ಮೊದಲು, ಸುಗ್ಗಿ ಮುಗಿಯುತ್ತಲೇ ಅಪ್ಪ, ಅವ್ವ ಮಂದೆ ಹೊಡೆದುಕೊಂಡು ಸೂಳೆಕೆರೆ ಕಡೆ ಹೋಗುತ್ತಿದ್ದರಂತೆ. ಕೊಯ್ದ ಗದ್ದೆಗಳಲ್ಲಿ ರಾತ್ರಿ ಕುರಿ ತರುಬಿ ಕೂಡಿಹಾಕಿದರೆ ಗೊಬ್ಬರಕ್ಕೆ ಬದಲಾಗಿ ರೈತರು ಭತ್ತ ಕೊಡುತ್ತಿದ್ದರು. ಅಕ್ಕ ನಾಗಿ ಆಗಷ್ಟೇ ನಡೆಯಲು ಕಲಿತಿದ್ದಳು. ಕಾಲುವೆಗೆ ಬಿದ್ದಾಳು, ತೋಳ ಎಳೆದೀತು ಎಂದು ಅವ್ವ ಅವಳನ್ನು ಎಳೆಮರಿಗಳ ಜೊತೆ ದೊಡ್ಡ ಮಂಕರಿ ಬುಟ್ಟಿಯಡಿ ಮುಚ್ಚಿ, ಮೇಲೊಂದು ಕಲ್ಲು ಹೇರಿ ಕೂಲಿಗೆ ಹೋಗುತ್ತಿದ್ದಳು. "ಅತ್ತೂ ಅತ್ತೂ ಸುಮ್ಕಾಗೋಳು, ಮರಿ ತಬ್ಕೊಂಡು ಮಲ್ಗೋಳು" ಎಂದು ಆಮೇಲೆ ಎಷ್ಟೋ ವರ್ಷ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ನಾಗಿ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದಳು.

ಅವಳು ಬೆಳೆದಂತೆ ಒಂದು ಹಟವೂ ಬೆಳೆಯಿತು. ಬಾಗಿಲು ಹಾಕಗೊಡುತ್ತಿರಲಿಲ್ಲ. ಚಳಿಯಲ್ಲೂ ಜಗಲಿಯ ಮೇಲೇ ಮಲಗುತ್ತಿದ್ದಳು. ಶಾಲೆಯಲ್ಲಿ ಹೊಸ್ತಿಲ ಪಕ್ಕದ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಯಾರಾದರೂ ತಮಾಷೆಗೆ ಚಿಲಕ ಹಾಕಿದರೆ ಕೈ ಕಚ್ಚುತ್ತಿದ್ದಳು. ಗಂಡುಬೀರಿ ಎಂದರು, ಸೊಕ್ಕು ಎಂದರು. ಅಯ್ಯೋ, ಓದಿನಲ್ಲಿ ಅವಳಷ್ಟು ಚುರುಕು ನಮ್ಮ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ. ಟೀಚರ್ ಆಗುವೆ ಎನ್ನುತ್ತಿದ್ದಳು. ಹೈಸ್ಕೂಲಿಗೆ ಜಗಳೂರಿಗೆ ಕಳಿಸಲು ಅಪ್ಪನೂ ಒಪ್ಪಿದ್ದ.

ಅಷ್ಟರಲ್ಲಿ ಅವಳು ಮೈನೆರೆದಳು. ಪದ್ಧತಿಯಂತೆ ಸೋದರಮಾವ ಹಸಿ ಸೊಪ್ಪು ಕಡಿದು ತಂದು ಅಂಗಳದಲ್ಲಿ ಗುಡ್ಲು ಕಟ್ಟಿದ. ಮುಂದೆ ಅವಳನ್ನು ಮದುವೆಯಾಗಬೇಕಿದ್ದವನೂ ಅವನೇ. ಅಕ್ಕನನ್ನು ಒಳಗೆ ಕೂರಿಸಿ ಗುಡ್ಲಿನ ಬಾಯಿಗೆ ಸೊಪ್ಪಿನ ತಡಿಕೆ ಅಡ್ಡ ಇಟ್ಟರು. ಹೆಂಗಸರ ಸೋಬಾನೆ ಇನ್ನೂ ಮುಗಿದಿರಲಿಲ್ಲ, ನಾಗಿ ಗುಡ್ಲನ್ನೇ ಒದ್ದು ಕೆಡವಿ, ತಲೆ ತುಂಬ ಎಲೆ, ಮೊಣಕೈ ತುಂಬ ರಕ್ತ ಮಾಡಿಕೊಂಡು ಬಯಲಿಗೆ ಓಡಿದಳು.

"ನಾನು ಹಾಕಿದ ಗುಡ್ಲು ಒದ್ದೋಳು ನನ್ನ ಮನೇಲಿ ಬಾಳ್ವೆ ಮಾಡ್ತಾಳೇನ್ರಿ?" ಎಂದ ಮಾವ. "ಗಾಳಿ ಸೋಕೈತೆ, ಬಿಡಿಸ್ರಿ" ಎಂದಳು ಅಜ್ಜಿ. ಗಾಳಿಯಂತೆ, ಗಾಳಿ! ಗಾಳಿ ಬಿಡಿಸುವವನು ಅಕ್ಕನನ್ನು ಕತ್ತಲೆ ಕೋಣೆಗೆ ಹಾಕಿ, ಬೇವಿನ ಬರಲಿನಿಂದ ಬಾರಿಸಿದ. ಅವಳ ಕೂಗು ಓಣಿಗೆಲ್ಲ ಕೇಳಿತು. ಅದು ಯಾವ ಗಾಳಿ ಎಂದು ಆ ಊರಲ್ಲಿ ಒಬ್ಬಳಿಗೆ ಮಾತ್ರ ಹೊಳೆದಿತ್ತು. ನಮ್ಮವ್ವ. ಅವಳು ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. "ಅವಳದೇನೂ ತಪ್ಪಿಲ್ಲ ಕಣ್ರೋ, ಮಂಕರಿಯಡಿ ಮುಚ್ಚಿದೋಳು ನಾನು" ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಶಾಲೆ ಅಲ್ಲಿಗೇ ನಿಂತಿತು. ಗಾಳಿ ಹಿಡಿದವಳೆಂಬ ಹೆಸರಿಗೆ ಹೆದರಿ, ನ್ಯಾಮತಿಯಾಚೆಯ ಎರಡನೇ ಸಂಬಂಧದವನಿಗೆ ಅವಳನ್ನು ಕಟ್ಟಿ ಕೈತೊಳೆದುಕೊಂಡರು. ಅದನ್ನು ನೆನೆದರೆ ಇವತ್ತಿಗೂ ನನಗೆ ನಮ್ಮ ಮನೆಯವರ ಮೇಲೆಲ್ಲ ಸಿಟ್ಟು ಬರುತ್ತದೆ, ಸತ್ತವರನ್ನೂ ಸೇರಿಸಿ.

ವರ್ಷಗಳಾದ ಮೇಲೆ ಅವ್ವ ಹಾಸಿಗೆ ಹಿಡಿದಳು. ನಾಗಿಗೆ ಏನೋ ಹೇಳಬೇಕು, ಕರೆಸ್ರಿ ಎಂದು ಒಂದೇ ಸಮ ಹಲುಬಿದಳು. ಅಕ್ಕ ಬಂದಳು. ಬಂದವಳು ಜಗಲಿಯಲ್ಲೇ ಕೂತಳು.

"ಒಳಗ್ ಬಾರೇ ನಾಗಿ," ಎಂದಳು ಅವ್ವ.

"ಇಲ್ಲಿಗೇ ಕೇಳಸ್ತೈತೆ. ಹೇಳು."

ಹೊತ್ತು ಮುಳುಗುವವರೆಗೂ ಅಕ್ಕ ಕಾದಳು. ಅವ್ವ, ಊಟ ಆತೇನೇ ಎಂದು ಕೇಳಿದಳು, ಅಷ್ಟೇ.