ಲೆಕ್ಕಕ್ಕಿಲ್ಲದ ಮೊದಲ ಗುಂಡು

ಹೆಸ್ಟರ್ ಪಾಸ್ಕೋ ಸೈನ್ಯಕ್ಕೆ ಸೇರಿದ್ದು ದೇಶಕ್ಕಾಗಿ ಅಲ್ಲ, ಒಂದು ಪ್ರಶ್ನೆಗಾಗಿ. ಕಾರ್ನ್‌ವಾಲ್ ಸೀಮೆಯ ರೆಡ್ರೂತ್ ಊರಿನ ಶಾಲೆಗೆ ಸೈನಿಕರನ್ನು ಭರ್ತಿ ಮಾಡಿಕೊಳ್ಳುವ ಸಾರ್ಜೆಂಟ್ ಒಬ್ಬ ಬಂದಿದ್ದ. ಮಕ್ಕಳ ಕಣ್ಣಿಗೆ ಬೀಳಲೆಂದು ಉದ್ದಕ್ಕೆ ಸೀಳಿದ ಬಂದೂಕಿನ ನಳಿಗೆಯೊಂದನ್ನು ಮೇಜಿನ ಮೇಲಿಟ್ಟಿದ್ದ. ಹದಿನೇಳರ ಹೆಸ್ಟರ್ ಅದರೊಳಗಿನ ಸುರುಳಿ ಗೀರುಗಳ ಮೇಲೆ ಬೆರಳಾಡಿಸಿ, "ಇವು ಬಲಕ್ಕೇ ಯಾಕೆ ತಿರುಗಿವೆ, ಎಡಕ್ಕೆ ಯಾಕಿಲ್ಲ?" ಎಂದು ಕೇಳಿದಳು. ಸಾರ್ಜೆಂಟ್ ನಳಿಗೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ಸೇರ್ಕೊಂಡ್ರೆ ಗೊತ್ತಾಗುತ್ತೆ" ಅಂದ. ಸೇರಿಕೊಂಡಳು. ಸಮಾಧಾನವಾಗುವ ಉತ್ತರ ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಯಾರಿಂದಲೂ ಸಿಗಲಿಲ್ಲ. ಅಷ್ಟರಲ್ಲಿ ಅವಳ ತಲೆಯಲ್ಲಿ ಅಂಥ ಇನ್ನೂ ನಾನೂರು ಪ್ರಶ್ನೆಗಳು ಬಿಡಾರ ಹೂಡಿದ್ದವು.

ಆಯುಧ ರಿಪೇರಿಯ ವಿಭಾಗದಲ್ಲಿ ಸ್ಕ್ರೂ ಬಿಚ್ಚುವ ಕೆಲಸದಿಂದ ಶುರುಮಾಡಿ ವಾರಂಟ್ ಆಫೀಸರ್ ತನಕ ಏರಿದಳು. ಅವಳ ದರ್ಜೆಯ ಕಸುಬುದಾರರನ್ನು ಸೈನ್ಯದಲ್ಲಿ ಟಿಫಿ ಅನ್ನುತ್ತಾರೆ. ಟಿಫಿ ಅಂದರೆ ಯಂತ್ರ ಬಲ್ಲವರು, ಸುಲಭಕ್ಕೆ ಒಪ್ಪದವರು, ಚಹಾ ತಣ್ಣಗಾದರೂ ಗಮನಿಸದವರು. ಮೂರೂ ಅವಳಿಗೆ ಸರಿಯಾಗಿ ಹೊಂದುತ್ತಿದ್ದವು.

ಸೇವೆಯ ಕೊನೆಯ ಎರಡು ವರ್ಷ ಉಳಿದಿದ್ದಾಗ ಅವಳು ವಿಲ್ಟ್‌ಶೈರಿನ ಸೈನಿಕ ಕಾಲೇಜಿನಲ್ಲಿ ಆಯುಧ ವ್ಯವಸ್ಥೆಗಳ ಇಂಜಿನಿಯರಿಂಗ್ ಎಂ.ಎಸ್ಸಿ.ಗೆ ಅರ್ಜಿ ಹಾಕಿದಳು. ಪದವಿ ಇರಲಿಲ್ಲ. ಅನುಭವವನ್ನೇ ಪದವಿಯೆಂದು ಒಪ್ಪಿಕೊಳ್ಳುವ ನಿಯಮವೊಂದು ಯಾವುದೋ ಮೂಲೆಯಲ್ಲಿತ್ತು, ಅದನ್ನು ಹುಡುಕಿ ತೆಗೆದಳು. ತರಗತಿಯಲ್ಲಿ ಹದಿನೈದು ಜನ. ಮೇಜರುಗಳು, ರಕ್ಷಣಾ ಇಲಾಖೆಯ ಕನ್ನಡಕದ ಇಂಜಿನಿಯರುಗಳು, ನಾರ್ವೆ ನೌಕಾಪಡೆಯ ಇಬ್ಬರು. ಎಲ್ಲರೂ ಬಾಗಿಲ ಹೊರಗಿನ ಗೂಡುಗಳಲ್ಲಿ ಮೊಬೈಲ್ ಇಟ್ಟು ಒಳಗೆ ಬರುವವರು. ಬರುವಾಗ ಗಣಿತವನ್ನೂ ಹೊರಗೇ ಬಿಟ್ಟುಬಂದವಳು ಇವಳೊಬ್ಬಳೇ. ಸಮೀಕರಣಗಳು ಅವಳಿಗೆ ಕಬ್ಬಿಣದ ಕಡಲೆಯಾದವು.

ಪಕ್ಕದ ಕುರ್ಚಿಯ ಮೇಜರ್ ಫೆನ್ವಿಕ್‌ಗೆ ಮೂವತ್ತೆರಡು ವಯಸ್ಸು. ಗಣಿತ ಅವನಿಗೆ ನೀರು ಕುಡಿದಷ್ಟು ಸಲೀಸು, ಆದರೆ ಫಿರಂಗಿಯ ಹಿಂಬಾಗಿಲನ್ನು ಕೈಯಾರೆ ಬಿಚ್ಚಿದವನಲ್ಲ. ಇಬ್ಬರೂ ಕೊಡುಕೊಳ್ಳುವ ಒಪ್ಪಂದ ಮಾಡಿಕೊಂಡರು.

"ಸಾರ್, ಈ ಉದ್ದ ಕೊಕ್ಕೆ ಏನು ಮಾಡುತ್ತೆ?" ಎಂದು ಅವಳು ಹಲಗೆ ತೋರಿಸಿದಳು.

"ಅದು ಇಂಟಿಗ್ರಲ್ ಚಿಹ್ನೆ, ಮಿಸ್ ಪಾಸ್ಕೋ. ಚೂರುಗಳನ್ನೆಲ್ಲ ಕೂಡಿಸುತ್ತೆ."

"ಹಂಗಾದ್ರೆ ಕೂಡಿಸು ಅಂತ ಬರೆದ್ರೆ ಇವರ ಗಂಟೇನು ಹೋಗ್ತಿತ್ತು?"

"ಎಲ್ರಿಗೂ ಅರ್ಥ ಆಗ್ಬಿಟ್ರೆ ನಮ್ಮಂಥೋರಿಗೆ ಬೆಲೆ ಎಲ್ಲಿರುತ್ತೆ?" ಅಂದ ಮೇಜರ್.

ಮೊದಲ ವರ್ಷ ಹಾಗೂ ಹೀಗೂ ದಾಟಿತು. ಎರಡನೆಯ ವರ್ಷಕ್ಕೆ ಪ್ರಬಂಧ ಬರೆಯಬೇಕು. ವಿಷಯ ಹುಡುಕುವ ಕಷ್ಟ ಅವಳಿಗಿರಲಿಲ್ಲ. ಅವಳನ್ನು ಎಷ್ಟೋ ಕಾಲದಿಂದ ಕಾಡುತ್ತಿದ್ದದ್ದು ವಾರ್ಮರ್.

ಪರೀಕ್ಷಾ ರೇಂಜಿನಲ್ಲಿ ಫಿರಂಗಿ ಹಾರಿಸುವಾಗ ಮೊದಲ ಗುಂಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಯಾವಾಗಲೂ ಗುರಿಗಿಂತ ಮೇಲೆ ಹೋಗುತ್ತದೆ. ತಣ್ಣನೆಯ ನಳಿಗೆಯನ್ನು ಬಿಸಿಮಾಡುವ ಗುಂಡು ಎಂಬ ಅರ್ಥದಲ್ಲಿ ಅದಕ್ಕೆ ವಾರ್ಮರ್ ಎಂದು ಹೆಸರು, ನಾವು ಬಿಸಿಗುಂಡು ಅನ್ನೋಣ. ಬಿಸಿಗುಂಡು ಎಲ್ಲಿ ಬಿತ್ತೆಂದು ಹಾಳೆಯ ಮೇಲ್ತುದಿಯಲ್ಲಿ ಪೆನ್ಸಿಲಿನಲ್ಲಿ ಗೀಚಿಕೊಂಡು, ಎರಡನೆಯದರಿಂದ ಶಾಯಿಯಲ್ಲಿ ಬರೆಯುತ್ತಾರೆ. ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ.

"ಯುದ್ಧದಲ್ಲಿ ಎದುರಿನವನು ನಮಗೆ ಬಿಸಿಗುಂಡು ಹಾರಿಸೋಕೆ ಪುರುಸೊತ್ತು ಕೊಡ್ತಾನಾ ಡಾಕ್ಟರ್?" ಎಂದು ಅವಳು ಮಾರ್ಗದರ್ಶಕ ಎಮ್ರಿಸ್ ಪ್ರೋಸರ್‌ನನ್ನು ಕೇಳಿದಳು. ಅವನು ವೇಲ್ಸ್ ಕಡೆಯ ಮೆತ್ತನೆ ಮನುಷ್ಯ, ಮೂವತ್ತು ವರ್ಷ ಗುಂಡಿನ ಹಾರಾಟವನ್ನೇ ಪಾಠ ಮಾಡಿದವನು.

"ಕೊಡೋದಿಲ್ಲ. ಆದ್ರೆ ತಣ್ಣನೆ ಲೋಹ ಸ್ವಲ್ಪ ಬಾಗಿರುತ್ತೆ ಹೆಸ್ಟರ್. ಇದು ಎಲ್ಲರಿಗೂ ಗೊತ್ತಿರೋದು."

"ಎಲ್ಲರಿಗೂ ಗೊತ್ತು. ಯಾರಾದ್ರೂ ಅಳೆದಿದ್ದಾರಾ?"

ಪ್ರೋಸರ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದ, ಅದು ಮುರಿದು ಒಳಗೆ ಬಿತ್ತು. ಅಳೆದಿರಲಿಲ್ಲ. ಪ್ರಬಂಧದ ವಿಷಯ ಒಪ್ಪಿಗೆಯಾಯಿತು.

ರೇಂಜಿನ ಮೇಸ್ತ್ರಿ ಅವಳ ಹಳೆಯ ಗೆಳೆಯ ಡಸ್ಟಿ. ಮಿಲ್ಲರ್, ಅಂದರೆ ಹಿಟ್ಟಿನ ಗಿರಣಿಯವನು, ಎಂಬ ಮನೆತನದ ಹೆಸರಿನವನು ಯಾವನೇ ಬರಲಿ, ಸೈನ್ಯ ಅವನನ್ನು ಡಸ್ಟಿ, ಅಂದರೆ ಧೂಳು ಮೆತ್ತಿದವನು, ಎಂದೇ ಕರೆಯುತ್ತದೆ, ಹೆತ್ತವರಿಟ್ಟ ಹೆಸರು ಪಿಂಚಣಿ ಕಾಗದದಲ್ಲಷ್ಟೇ ಉಳಿಯುತ್ತದೆ. ನಿವೃತ್ತನಾದ ಮೇಲೆ ಅವನು ಇಲ್ಲಿ ಕೆಲಸಕ್ಕೆ ಸೇರಿದ್ದ. ಕವಚವಾಹನದ ಮೇಲೆ ಕೂರಿಸುವ ಸಣ್ಣ ಫಿರಂಗಿಯೊಂದನ್ನು ಅವಳಿಗಾಗಿ ದಿನವೂ ಸಿದ್ಧಮಾಡಿ ಕೊಡುತ್ತಿದ್ದ. ಹೆಸ್ಟರ್ ನಳಿಗೆಯ ಉದ್ದಕ್ಕೂ ಶಾಖ ಅಳೆಯುವ ತಂತಿಗಳನ್ನು ಅಂಟಿಸಿದಳು.

"ಏನ್ ಟಿಫಿ, ಫಿರಂಗಿಗೆ ಜ್ವರಾನಾ?" ಎಂದು ಡಸ್ಟಿ ಕಿಚಾಯಿಸುತ್ತಿದ್ದ.

"ನೆಗಡಿ. ನೀನು ದೂರ ನಿಂತ್ಕೋ, ನಿಂಗೂ ಅಂಟೀತು."

ಆರು ವಾರ ಅಳೆದರೂ ಲೆಕ್ಕ ಕೂಡಲಿಲ್ಲ. ಸೂತ್ರದ ಪ್ರಕಾರ ತಣ್ಣನೆಯ ನಳಿಗೆ ಬಾಗಬೇಕಾದದ್ದು ಕೂದಲೆಳೆಯಷ್ಟು, ಗುಂಡು ತಪ್ಪುತ್ತಿದ್ದದ್ದು ಅಷ್ಟು ಬಾಗಿದ್ದಕ್ಕೆ ತಪ್ಪಬೇಕಾದದ್ದರ ಐದು ಪಟ್ಟು. ಫೆನ್ವಿಕ್ ಎರಡು ಸಲ ಲೆಕ್ಕ ಪರೀಕ್ಷಿಸಿ, "ಮಿಸ್ ಪಾಸ್ಕೋ, ನಿಮ್ಮ ಗಣಿತ ಸರಿಯಾಗಿದೆ. ನನಗೆ ಭಯ ಆಗ್ತಿದೆ" ಅಂದ.

ಏಳನೆಯ ವಾರ ಡಸ್ಟಿ ಮೊಣಕಾಲಿನ ಆಪರೇಷನ್‌ಗೆಂದು ರಜೆ ಹಾಕಿದ. ಅವನ ಜಾಗಕ್ಕೆ ಪೆಟ್ರಾ ಎಂಬವಳು ಬಂದಳು. ಅವಳು ಸೈನ್ಯದವಳಲ್ಲ, ಕ್ರೀಡಾ ಬಂದೂಕುಗಳ ಅಂಗಡಿಯಲ್ಲಿ ಪಳಗಿದವಳು. ಆ ಸೋಮವಾರ ಮಂಜು ಬಿದ್ದ ಬೆಳಗ್ಗೆ ನಳಿಗೆ ಹಿಮದಷ್ಟು ತಣ್ಣಗಿತ್ತು. ಬಿಸಿಗುಂಡು ಹಾರಿಸಿದರು. ಗುರಿಯ ನಟ್ಟನಡುವೆ ಹೋಗಿ ಕೂತಿತು.

ಮಂಗಳವಾರವೂ ಹಾಗೆಯೇ ಆಯಿತು. ಬುಧವಾರ ಹೆಸ್ಟರ್ ತಡೆಯಲಾರದೆ ಕೇಳಿದಳು.

"ಪೆಟ್ರಾ, ಬೆಳಗ್ಗೆ ಬಂದು ಈ ನಳಿಗೆಗೆ ಏನು ಮಾಡ್ತೀಯ?"

"ಏನಿಲ್ಲಪ್ಪ. ಒಳಗೆಲ್ಲ ಎಣ್ಣೆ ಹಂಗೇ ಇತ್ತು. ಒಣಬಟ್ಟೆ ಹಾಕಿ ಎಳೆದೆ. ಎಣ್ಣೆ ಇಟ್ಕೊಂಡು ಯಾರಾದ್ರೂ ಹಾರಿಸ್ತಾರಾ?"

ಹೆಸ್ಟರ್ ಅಲ್ಲೇ ಮದ್ದಿನ ಪೆಟ್ಟಿಗೆಯ ಮೇಲೆ ಕುಳಿತಳು. ಎಣ್ಣೆ ಇಟ್ಟುಕೊಂಡು ಹಾರಿಸಿ ಎಂದು ಹೇಳಿದವಳು ಅವಳೇ. ಇಪ್ಪತ್ತನಾಲ್ಕರ ಕಾರ್ಪೊರಲ್ ಆಗಿದ್ದಾಗ, ಮಳೆಯಲ್ಲಿ ತುಕ್ಕು ಹಿಡಿಯುತ್ತಿದ್ದ ನಳಿಗೆಗಳನ್ನು ನೋಡಿ ಒಂದು ಪುಟದ ಟಿಪ್ಪಣಿ ಬರೆದಿದ್ದಳು. ರಾತ್ರಿ ತೆಳುವಾಗಿ ಎಣ್ಣೆ ಸವರಿ, ಬೆಳಗ್ಗೆ ಒರೆಸಬೇಡಿ, ಪೊರೆಯಷ್ಟು ಉಳಿಯಲಿ, ಮೊದಲ ಗುಂಡೇ ಅದನ್ನು ಸುಟ್ಟುಹಾಕುತ್ತದೆ ಎಂದು. ತುಕ್ಕು ನಿಂತಿತು. ಮೇಲಿನವರು ಬೆನ್ನು ತಟ್ಟಿದರು. ಟಿಪ್ಪಣಿ ಅಚ್ಚಾಗಿ ಪ್ರತಿಯೊಂದು ಆಯುಧಕೋಣೆಯ ಗೋಡೆ ಹತ್ತಿತು. ಸೈನಿಕರು ಅದನ್ನು ಪಾಸ್ಕೋ ಪೊರೆ ಎಂದು ಕರೆದರು. ಡಿಗ್ರಿಯಿಲ್ಲದ ಹೆಂಗಸಿಗೆ ಕಸುಬಿನಲ್ಲಿ ಒಂದು ಹೆಸರು ಅಂತ ಇದ್ದರೆ ಅದೇ. ಮಳೆಯ ಊರಿಗೆ ಬರೆದದ್ದನ್ನು ಒಣ ಮರಳುನಾಡಿನಲ್ಲೂ ಚಾಚೂತಪ್ಪದೆ ಪಾಲಿಸಿದರು, ಯಾಕೆಂದರೆ ಗೋಡೆಯ ಮೇಲಿತ್ತು.

ಹಿಂದೆ ಕೂದಲೆಳೆಯಷ್ಟಿದ್ದ ತಪ್ಪು ಪೊರೆ ಬಂದ ಮೇಲೆ ಬೆಳೆದದ್ದು ರೇಂಜಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ, ಮೊದಲ ಗುಂಡು ಲೆಕ್ಕಕ್ಕೇ ಇರಲಿಲ್ಲವಲ್ಲ. ಬಿಸಿಗುಂಡು ಎಂದು ಹೆಸರಿಟ್ಟದ್ದರಿಂದ ಎಲ್ಲರೂ ಶಾಖವನ್ನೇ ಹುಡುಕಿದರು. ಅವಳೂ ಆರು ವಾರ ಅದನ್ನೇ ಹುಡುಕಿದಳು.

ನಂತರದ ಹದಿನೆಂಟು ಬೆಳಗ್ಗೆ ಅವಳು ಪಟ್ಟು ಹಿಡಿದು ಹಾರಿಸಿದಳು. ತಣ್ಣನೆಯ ಒಣ ನಳಿಗೆ, ತಣ್ಣನೆಯ ಎಣ್ಣೆ ನಳಿಗೆ, ಹೊರಗಿನಿಂದ ಕಾಯಿಸಿದ ಎಣ್ಣೆ ನಳಿಗೆ. ಕಾಯಿಸಿದರೂ ಎಣ್ಣೆಯಿದ್ದಾಗ ಗುಂಡು ಮೇಲೆ ಹೋಯಿತು. ತಣ್ಣಗಿದ್ದರೂ ಒಣಗಿದ್ದಾಗ ನೆಟ್ಟಗೆ ಹೋಯಿತು. ಉತ್ತರ ಸಿಕ್ಕಿತ್ತು. ಜೀವನದಲ್ಲಿ ಮೊದಲ ಸಲ ಉತ್ತರ ಸಿಕ್ಕಿ ಅವಳಿಗೆ ಊಟ ಸೇರಲಿಲ್ಲ.

ಕಾರಣ ಡಸ್ಟಿ. ಮರಳುನಾಡಿನ ಯುದ್ಧದಲ್ಲಿ ಅವನು ಕವಚವಾಹನದ ಫಿರಂಗಿಯವನಾಗಿದ್ದ. ಒಂದು ಬೆಳಗ್ಗೆ ಗೋಡೆಯ ಮರೆಯಿಂದ ರಾಕೆಟ್ ಹೊತ್ತವನೊಬ್ಬ ಎದ್ದ. ಡಸ್ಟಿಯ ಮೊದಲ ಗುಂಡು ಅವನ ತಲೆಯ ಮೇಲಿಂದ ಹಾರಿಹೋಯಿತು. ಎರಡನೆಯದು ಹಾರುವ ಮೊದಲು ರಾಕೆಟ್ ಬಂದು ಬಡಿಯಿತು, ಚಾಲಕ ಲೆನ್ನಿ ಎಡಗಾಲು ಕಳೆದುಕೊಂಡ. ನನ್ನ ಕೈ ಅದುರಿತು, ಗುರಿ ತಪ್ಪಿತು ಎಂದು ಡಸ್ಟಿ ವಿಚಾರಣೆಯಲ್ಲೂ ಹೇಳಿದ, ಕುಡಿದಾಗಲೂ ಹೇಳುತ್ತಿದ್ದ. ಆ ಫಿರಂಗಿಯ ನಳಿಗೆಯಲ್ಲಿ ಪಾಸ್ಕೋ ಪೊರೆ ಇತ್ತೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಡಸ್ಟಿಯಷ್ಟು ಶಿಸ್ತಿನಿಂದ ಅದನ್ನು ಸವರುವವನು ಇನ್ನೊಬ್ಬನಿರಲಿಲ್ಲ.

ಪ್ರಬಂಧ ಒಪ್ಪಿಸಲು ಶುಕ್ರವಾರ ಕಡೆಯ ದಿನ. ಮಂಗಳವಾರ ಪ್ರೋಸರ್ ಕರಡು ಓದಿ ಮುಗಿಸಿ, ಕನ್ನಡಕ ಒರೆಸಿಕೊಂಡ.

"ಬಹಳ ಚೆನ್ನಾಗಿದೆ ಹೆಸ್ಟರ್. ಆದ್ರೆ ನಾಲ್ಕನೇ ಅಧ್ಯಾಯದಲ್ಲಿ ನಿಮ್ಮ ಹೆಸರು ಬೇಕಾ? ಚಾಲ್ತಿಯಲ್ಲಿದ್ದ ಪದ್ಧತಿ ಅಂತ ಬರೀಬಹುದು. ಅದು ಸುಳ್ಳೇನಲ್ಲ."

"ಸುಳ್ಳಲ್ಲ. ಆದ್ರೆ ಪದ್ಧತಿ ತಾನಾಗೇ ಹುಟ್ಟಲಿಲ್ಲವಲ್ಲ ಡಾಕ್ಟರ್, ನಾನು ಹೆತ್ತದ್ದು."

"ಯಾರೂ ಕೇಳೋದಿಲ್ಲ."

"ಮೊದಲನೇ ಗುಂಡಿನ ಬಗ್ಗೆಯೂ ಯಾರೂ ಕೇಳಿರಲಿಲ್ಲ."

ಪ್ರೋಸರ್ ಕರಡನ್ನು ಅವಳತ್ತ ಸರಿಸಿದ. ಹೆಸರು ಅಲ್ಲೇ ಉಳಿಯಿತು, ದಿನಾಂಕದ ಸಮೇತ. ಆದರೆ ಡಸ್ಟಿ ಅದನ್ನು ಅಚ್ಚಿನಲ್ಲಿ ಓದಿ ತಿಳಿಯಬಾರದು ಎಂದು ಅವಳಿಗೆ ಅನ್ನಿಸಿತು. ಗೆಳೆತನ ಮುರಿದರೂ ತನ್ನ ಎದುರಿಗೇ ಮುರಿಯಲಿ ಎಂದುಕೊಂಡು ಗುರುವಾರ ಮಧ್ಯಾಹ್ನ ಸ್ವಿಂಡನ್‌ನ ಅವನ ಮನೆಗೆ ಹೋದಳು.

ಡಸ್ಟಿ ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದ. "ಬಾ ಟಿಫಿ. ಚಹಾ ನೀನೇ ಮಾಡ್ಕೋಬೇಕು, ನಂಗೂ ಮಾಡು" ಅಂದ. ಅವಳು ಚಹಾ ಮಾಡಲಿಲ್ಲ. ಕೋಟೂ ಬಿಚ್ಚದೆ ನಿಂತೇ ಎಲ್ಲ ಹೇಳಿದಳು. ತಂತಿ, ಪೆಟ್ರಾಳ ಒಣಬಟ್ಟೆ, ಹದಿನೆಂಟು ಬೆಳಗ್ಗೆ, ಎಲ್ಲ. ಲೆನ್ನಿಯ ಹೆಸರು ಎತ್ತಲು ಮಾತ್ರ ಅವಳಿಗೆ ಬಾಯಿ ಬರಲಿಲ್ಲ. ಎತ್ತುವ ಅಗತ್ಯವೂ ಬೀಳಲಿಲ್ಲ.

"ಎಂಟುನೂರು ಮೀಟರಿಗೆ ಎಷ್ಟು ಮೇಲೆ ಹೋಗುತ್ತೆ?" ಎಂದು ಡಸ್ಟಿ ಕೇಳಿದ.

"ಒಂದು ಮೊಳ. ಹೆಚ್ಚುಕಡಿಮೆ."

ಅವನು ಕೈಯನ್ನು ಗಾಳಿಯಲ್ಲಿ ಆ ದಿನದ ಗೋಡೆಯ ಎತ್ತರಕ್ಕೆ ಹಿಡಿದ, ಆಮೇಲೆ ಅದರ ಮೇಲೆ ಒಂದು ಮೊಳ. ಅಲ್ಲೇ ಹಿಡಿದುಕೊಂಡು ನೋಡಿದ.

"ಇನ್ನೊಂದ್ಸಲ ಹೇಳು."

ಹೇಳಿದಳು.

"ನನ್ನ ಕೈ ಅಲ್ಲ."

"ನಿನ್ನ ಕೈ ಅಲ್ಲ. ನನ್ನ ಕಾಗದ."

ಡಸ್ಟಿಯ ಮುಖ ಕೆಂಪಾಯಿತು. ಬೈಯುತ್ತಾನೆಂದು ಅವಳು ಕಾದಳು, ಬೈದರೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. "ಪ್ರತಿ ಕ್ರಿಸ್‌ಮಸ್‌ಗೂ ಲೆನ್ನಿಗೆ ಫೋನ್ ಮಾಡ್ತೀನಿ. ಅವನು ಹಲೋ ಅನ್ನೋ ಮೊದಲೇ ತಪ್ಪಾಯ್ತು ಅಂತೀನಿ. ಬಿಡೋ ಮಾರಾಯ ಅಂತಾನೆ. ಹದಿನಾಲ್ಕು ಕ್ರಿಸ್‌ಮಸ್ ಆಯ್ತು ಟಿಫಿ" ಅಂದ.

ಅವಳಿಗೆ ಕಣ್ಣು ತುಂಬಿ ಬಂತು. ಕೋಟಿನ ತೋಳಿನಲ್ಲಿ ಒರೆಸಿಕೊಂಡಳು.

ಡಸ್ಟಿ ಪಕ್ಕದಲ್ಲಿದ್ದ ಫೋನ್ ತೆಗೆದು, ಕನ್ನಡಕ ಹುಡುಕಿ, ಒಂದು ನಂಬರ್ ಒತ್ತಿದ. ಆ ಕಡೆ ಗಂಟೆ ಬಡಿಯುತ್ತಿರುವಾಗಲೇ ಅದನ್ನು ಅವಳತ್ತ ಚಾಚಿದ.

"ಈ ಸಲ ನೀನು ಹೇಳು" ಅಂದ.

ಅವಳು ತೆಗೆದುಕೊಂಡಳು. "ಏನಪ್ಪಾ ಡಸ್ಟಿ, ಕ್ರಿಸ್‌ಮಸ್‌ಗೆ ಇನ್ನೂ ಎಂಟು ತಿಂಗಳಿದೆ" ಎಂದಿತು ಒಂದು ನಗುವ ದನಿ.

"ಡಸ್ಟಿ ಅಲ್ಲ" ಅಂದಳು. "ನಾನು ಹೆಸ್ಟರ್ ಪಾಸ್ಕೋ. ನಿಮ್ಮ ಆಯುಧಕೋಣೆಯ ಗೋಡೆ ಮೇಲೆ ನನ್ನ ಹೆಸರಿತ್ತು."